ತೂತು ಓದುವ ಕಿನುಯೊ

ಓದುಗರ ಗಮನಕ್ಕೆ ಅತ್ಯಂತ ಗಂಭೀರವಾದ ಸಂಗತಿಯೊಂದನ್ನು ತರಬೇಕಾಗಿದೆ. ರೈಫಲ್ ತೋಟಾದ ಡಬ್ಬಿಯ ಬಲಮೂಲೆಯಲ್ಲಿ, ಕನ್ನಡಕ ಹಾಕಿದರಷ್ಟೇ ಕಾಣುವ ಗಾತ್ರದಲ್ಲಿ, ಒಂದು ಅಂಕಿ ಅಚ್ಚಾಗಿರುತ್ತದೆ: ನೂರೆಂಬತ್ತು. ಅದು ಗುಂಡಿನ ತೂಕ, ಗ್ರೇನ್ ಎಂಬ ಸಣ್ಣ ಅಳತೆಯಲ್ಲಿ. ಸೀಸದ ಗುಂಡಿನ ಡಬ್ಬಿಯ ಮೇಲೂ ನೂರೆಂಬತ್ತು, ತಾಮ್ರದ ಗುಂಡಿನ ಡಬ್ಬಿಯ ಮೇಲೂ ನೂರೆಂಬತ್ತು. ಅಂಕಿ ಒಂದೇ ಆದ ಮೇಲೆ ಗುಂಡೂ ಒಂದೇ ಎಂದು ನಂಬಿ ಚಿರೊಬೆತ್ಸು ಊರಿನ ಬೇಟೆಗಾರರು ವರ್ಷಗಟ್ಟಲೆ ನೆಮ್ಮದಿಯಾಗಿ ನಿದ್ದೆ ಮಾಡಿದ್ದಾರೆ. ನಂಬದೆ ಉಳಿದವರು ಒಬ್ಬರೇ, ಬಂದೂಕಿನಂಗಡಿಯ ನುಕಾದಾ ಕಿನುಯೊ. ಅವರಿಗೆ ಅರವತ್ತಮೂರು ವರ್ಷ. ಈ ತನಕ ಒಂದೇ ಒಂದು ಗುಂಡು ಹಾರಿಸಿದವರಲ್ಲ.

ಸೆಪ್ಟೆಂಬರ್ ತಿಂಗಳು, ಬೆಳಗಿನ ಐದು ಗಂಟೆ. ಹಾಲು ಕರೆಯುವವರನ್ನು ಬಿಟ್ಟರೆ ಊರಲ್ಲಿ ಎದ್ದಿರುವುದು ಕಿನುಯೊ ಮಾತ್ರ. ಅಂಗಡಿಯ ಮೂಡಣ ಕಿಟಕಿಯ ಗಾಜಿಗೆ ಬೇಟೆಗಾರರು ಅಭ್ಯಾಸಕ್ಕೆ ಗುಂಡು ಹೊಡೆದು ಹಿಂದಿನ ದಿನ ತಂದುಕೊಟ್ಟ ಗುರಿಕಾಗದಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದಾರೆ. ಬೀಟ್‌ಗೆಡ್ಡೆಯ ಹೊಲಗಳ ಆಚೆಯಿಂದ ಸೂರ್ಯ ಮೇಲೇರುತ್ತಿದ್ದಂತೆ ಕಾಗದದ ತೂತುಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಒಂದು ಕೈಯಲ್ಲಿ ಬಾರ್ಲಿ ಚಹಾ, ಇನ್ನೊಂದರಲ್ಲಿ ಭೂತಗನ್ನಡಿ. ಯಾವ ತೂತು ಎಲ್ಲಿ ಬಿದ್ದಿದೆ ಎಂಬುದನ್ನು ಎಲ್ಲರೂ ನೋಡುತ್ತಾರೆ. ಕಿನುಯೊ ತೂತಿನ ಅಂಚನ್ನು ನೋಡುತ್ತಾರೆ. ಅಂಚು ಸುತ್ತಲೂ ಸಮನಾಗಿದೆಯೋ, ಒಂದು ಕಡೆ ಹರಿದಿದೆಯೋ, ದುಂಡಗಿದೆಯೋ, ಸೋರೆಬೀಜದ ಹಾಗೆ ಉದ್ದವಾಗಿದೆಯೋ ಎಂದು. ಸೂರ್ಯ ಎದುರಿನ ವಿದ್ಯುತ್ ಕಂಬದ ಹಿಂದೆ ಸರಿಯುವುದಕ್ಕೆ ಇಪ್ಪತ್ತು ನಿಮಿಷ ಸಿಗುತ್ತದೆ. ಅಷ್ಟರೊಳಗೆ ಏಳೆಂಟು ಕಾಗದ ಓದಿ ಮುಗಿಸುತ್ತಾರೆ.

"ಮಧ್ಯಾಹ್ನದ ಬೆಳಕು ಆಗಲ್ಲ. ಎಲ್ಲಾ ತೂತೂ ಚೆನ್ನಾಗಿರೋ ಹಾಗೇ ಕಾಣಿಸುತ್ತೆ," ಎನ್ನುತ್ತಾರೆ.

ಓದಿದ ಕಾಗದ ಲಕೋಟೆಗೆ ಹೋಗುತ್ತದೆ. ಲಕೋಟೆಯ ಮೇಲೆ ಇರುವುದು ಮನುಷ್ಯನ ಹೆಸರಲ್ಲ, ಬಂದೂಕಿನ ನಂಬರು. ಮನುಷ್ಯ ಹೋದರೂ ಬಂದೂಕು ಮಗನಿಗೋ ಅಳಿಯನಿಗೋ ದಾಟುತ್ತದೆ, ಜೊತೆಗೆ ಲಕೋಟೆಯೂ ದಾಟುತ್ತದೆ. ಅದರೊಳಗಿನ ಪ್ರತಿ ಕಾಗದದ ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಸಾಲು: ತಾರೀಖು, ಆ ದಿನದ ಚಳಿ, ತೋಟಾದ ಜಾತಿ, ಡಬ್ಬಿಯ ತಳದಲ್ಲಿ ಒತ್ತಿದ ತಯಾರಿಕೆಯ ಸಂಖ್ಯೆ. ಗಂಡ ಅಂಗಡಿ ನಡೆಸುತ್ತಿದ್ದಾಗ ಊರಲ್ಲಿ ನೂರಹನ್ನೆರಡು ಬೇಟೆಗಾರರಿದ್ದರು. ಈಗ ಮೂವತ್ತೆಂಟು. ಜಿಂಕೆಗಳು ಮಾತ್ರ ಈ ಲೆಕ್ಕಕ್ಕೆ ಒಪ್ಪದೆ ಹೆಚ್ಚುತ್ತಲೇ ಇವೆ. ಕಳೆದ ಚಳಿಗಾಲದಲ್ಲಿ ಹುಲ್ಲಿನ ಉರುಳೆಗಳ ಪ್ಲಾಸ್ಟಿಕ್ ಹರಿದು ಒಳಗಿನ ಹುಲ್ಲು ತಿನ್ನುವುದನ್ನೂ ಕಲಿತಿವೆ.

ಕಿನುಯೊ ಈ ಊರಿಗೆ ಬಂದದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಕಡಲಕಳೆ ಒಣಗಿಸುವ ಹಳ್ಳಿಯೊಂದರಿಂದ, ಮದುವೆಯಾಗಿ. ಒಣಗಿದ ಕಡಲಕಳೆಯನ್ನು ಬೆಳಕಿಗೆ ಹಿಡಿದು ದರ್ಜೆ ಬೇರೆ ಮಾಡುವುದು ಅವರ ತವರಿನಲ್ಲಿ ಹೆಂಗಸರ ಕೆಲಸ. ಕಾಗದವನ್ನು ಬೆಳಕಿಗೆ ಹಿಡಿಯುವ ಅಭ್ಯಾಸ ಅಲ್ಲಿಂದ ಬಂತೇ ಎಂದು ಕೇಳಿದರೆ, "ಇರಬಹುದು. ಕಡಲಕಳೆ ವಾಸನೆ ಬರುತ್ತೆ, ಇದು ಬರಲ್ಲ," ಎಂದಷ್ಟೇ ಹೇಳುತ್ತಾರೆ. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅಂಗಡಿ ಮುಚ್ಚುತ್ತದೆಂದೇ ಎಲ್ಲರೂ ತಿಳಿದಿದ್ದರು. ಇನ್ನೊಂದು ಬಂದೂಕಿನಂಗಡಿಗೆ ಎರಡೂವರೆ ಗಂಟೆಯ ದಾರಿ. ಕಿನುಯೊ ಸಿಡಿಮದ್ದು ನೋಡಿಕೊಳ್ಳುವವರಿಗೆ ಸರ್ಕಾರ ನಡೆಸುವ ಪರೀಕ್ಷೆಗೆ ಕೂತರು, ಫೇಲಾದರು, ಮರುವರ್ಷ ಮತ್ತೆ ಕೂತು ಪಾಸಾದರು.

ಗಂಡ ಕಪಾಟಿನಲ್ಲಿ ಇದ್ದದ್ದನ್ನು ಮಾರುತ್ತಿದ್ದವರು. ಹೆಂಡತಿ ಮಾರುವ ಮೊದಲು ಕೈ ಚಾಚಿ ಗುರಿಕಾಗದ ಕೇಳುತ್ತಾರೆ. ಇದು ಊರಿನವರಿಗೆ ಒಗ್ಗುವುದಕ್ಕೆ ಮೂರು ಚಳಿಗಾಲ ಬೇಕಾಯಿತು. ಕೆಲವರಿಗೆ ಇನ್ನೂ ಒಗ್ಗಿಲ್ಲ. ಹುಲ್ಲು ಸಾಗಿಸುವ ಲಾರಿ ಓಡಿಸುವ ಕೊಸುಗಿ ಅಂಥವನೊಬ್ಬ. ನಲವತ್ತೈದು ವರ್ಷದ ದೊಡ್ಡ ದನಿಯ ಆಸಾಮಿ.

"ಅಕ್ಕಾ, ತಾಮ್ರದ್ದು ಒಂದು ಡಬ್ಬಿ ಕೊಡು. ಲಾರಿ ದಾರೀಲಿ ನಿಂತಿದೆ."

"ಕಾಗದ?"

"ಹೋದ ವರ್ಷ ಕೊಟ್ಟಿದ್ನಲ್ಲ!"

"ಹೋದ ವರ್ಷ ಊಟ ಮಾಡಿದ್ದೆ ಅಂತ ಈ ವರ್ಷ ಬಿಟ್ಟಿದ್ದೀಯಾ? ಡಬ್ಬಿಯ ತಳದ ಸಂಖ್ಯೆ ಬದಲಾಗಿದೆ. ಐದು ಹೊಡೆದು ತೋರಿಸು, ಉಳಿದದ್ದು ಆಮೇಲೆ."

"ಜೀವಮಾನದಲ್ಲಿ ಒಂದು ಗುಂಡು ಹಾರಿಸಿಲ್ಲ, ನನಗೆ ಪಾಠ ಹೇಳ್ತಾಳೆ ನೋಡಿ!"

"ಹಲ್ಲಿನ ಡಾಕ್ಟರಿಗೆ ಹಲ್ಲುನೋವು ಬಂದಿರ್ಲೇಬೇಕಾ?"

ಹಾರಿಸದೆ ಇರುವುದಕ್ಕೆ ಕಿನುಯೊ ಬಳಿ ಬೇರೊಂದು ಕಾರಣವೂ ಇದೆ. "ನಾನು ಹೊಡೆಯೋಕೆ ಶುರು ಮಾಡಿದ್ರೆ ನನ್ನ ಭುಜಕ್ಕೆ ಹಿತವಾದದ್ದೇ ಒಳ್ಳೇ ತೋಟಾ ಅನ್ನಿಸಿಬಿಡುತ್ತೆ. ಆಮೇಲೆ ಎಲ್ಲರಿಗೂ ಅದನ್ನೇ ಮಾರ್ತೀನಿ. ನಮ್ಮ ಯಜಮಾನರು ಹಾಗೇ ಮಾಡ್ತಿದ್ರು, ಪಾಪ."

ಅವರು ಎಲ್ಲರಿಗೂ ಹೇಳುವುದು ಸರಳವಾದದ್ದು. ಕೈ ಪಳಗಿಸುವುದಕ್ಕೆ, ಬಂದೂಕಿನ ಕುದುರೆ ಎಳೆಯುವಾಗ ಕಣ್ಣು ಮುಚ್ಚುವ ಚಾಳಿ ಬಿಡಿಸುವುದಕ್ಕೆ ಅಗ್ಗದ ಸೀಸದ ತೋಟಾ ಸಾಕು. ಆದರೆ ಬಂದೂಕಿನ ಮೇಲಿನ ದುರ್ಬೀನಿನ ತಿರುಪು ಕೂರಿಸುವುದು, ಅಂದರೆ ಗುರಿ ಸರಿಹೊಂದಿಸುವುದು ಮಾತ್ರ ಬೇಟೆಗೆ ಒಯ್ಯುವ ತೋಟಾದಲ್ಲೇ ಆಗಬೇಕು. ಇಲ್ಲಿ ಸೀಸದ ಗುಂಡನ್ನು ಬೇಟೆಗೆ ಒಯ್ಯುವಂತಿಲ್ಲ. ಸೀಸ ಹೊಕ್ಕ ಜಿಂಕೆಯ ಮಾಂಸ ತಿಂದು ಕಡಲಹದ್ದುಗಳು ಸಾಯುತ್ತಿದ್ದವು. ಹಾಗಾಗಿ ಬೆಟ್ಟಕ್ಕೆ ತಾಮ್ರ, ಅಭ್ಯಾಸದ ಬಯಲಿಗೆ ಸೀಸ. ತಾಮ್ರದ ಬೆಲೆ ಸೀಸದ ಎರಡರಷ್ಟು. ಆಗಸ್ಟಿನಲ್ಲಿ ಸೀಸದಲ್ಲಿ ತಿರುಪು ಕೂರಿಸಿ, ಅಕ್ಟೋಬರಿನಲ್ಲಿ ತಾಮ್ರ ತುಂಬಿಕೊಂಡು ಬೆಟ್ಟ ಹತ್ತುವವರು ಪ್ರತಿ ವರ್ಷವೂ ಇರುತ್ತಾರೆ. ಕೇಳಿದರೆ ಡಬ್ಬಿಯ ಮೂಲೆಯ ಅಂಕಿಯ ಮೇಲೆ ಬೆರಳಿಡುತ್ತಾರೆ.

ಇವಾಬುಚಿ ಸದಾಹರು ಕೂಡ ಅಲ್ಲೇ ಬೆರಳಿಟ್ಟಿದ್ದರು.

ಎಪ್ಪತ್ತೊಂದರ ಇವಾಬುಚಿ ಊರಿನ ಜಿಂಕೆ ತಡೆಯುವ ತಂಡದ ನಾಯಕರು. ನಲವತ್ತು ಹಸುಗಳನ್ನು ಸಾಕಿದವರು, ಮಾತು ಕಡಿಮೆ. ಗುಡ್ಡದ ಯಾವ ಕಣಿವೆಯಿಂದ ಜಿಂಕೆ ಯಾವ ಹೊತ್ತಿಗೆ ಇಳಿಯುತ್ತದೆ ಎಂಬುದು ಅವರಷ್ಟು ಬೇರೆ ಯಾರಿಗೂ ತಿಳಿಯದು. ಕಳೆದ ಫೆಬ್ರವರಿಯಲ್ಲಿ, ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ, ನೂರು ಮೀಟರಿನಾಚೆ ನಿಂತಿದ್ದ ಹೆಣ್ಣು ಜಿಂಕೆಗೆ ಒಂದು ಗುಂಡು ಹೊಡೆದರು. ಜಿಂಕೆ ಮುಗ್ಗರಿಸಿತು, ಎದ್ದಿತು, ಓಡಿತು. ತಂಡದವರು ಹಿಮದ ಮೇಲಿನ ರಕ್ತದ ಜಾಡು ಹಿಡಿದು ಎರಡು ದಿನ ನಡೆದರೂ ಸಿಗಲಿಲ್ಲ. ಏಪ್ರಿಲಿನಲ್ಲಿ ಹಿಮ ಕರಗಿದಾಗ ಕಾಗೆಗಳು ಜಾಗ ತೋರಿಸಿದವು. ಗುಂಡು ಬಿದ್ದದ್ದು ಹಿಂಗಾಲಿನ ತೊಡೆಗೆ. ಇವಾಬುಚಿ ಟೋಪಿ ತೆಗೆದು ಅದರ ಮುಂದೆ ಬಹಳ ಹೊತ್ತು ನಿಂತಿದ್ದರಂತೆ.

ಆ ತಿಂಗಳ ತಂಡದ ಸಭೆಯಲ್ಲಿ ಅವರು ಎದ್ದು ನಿಂತು ಹೇಳಿದ್ದು ಇಷ್ಟು: "ನನ್ನ ಕಣ್ಣು ಹೋಗಿದೆ. ಸೆಪ್ಟೆಂಬರಿನ ಕೊನೇ ಭಾನುವಾರ ನಿಮ್ಮೆಲ್ಲರ ಮುಂದೆ ನೂರು ಮೀಟರಿಗೆ ಐದು ಹೊಡೀತೀನಿ. ಅನ್ನದ ಬಟ್ಟಲಿನ ಬಾಯಷ್ಟು ಅಗಲದ ವೃತ್ತ. ಒಂದು ಹೊರಗೆ ಹೋದ್ರೂ ಸೋಮವಾರ ಬೆಳಿಗ್ಗೆ ಬಂದೂಕು ಪೊಲೀಸ್ ಠಾಣೆಗೆ. ಮುದುಕರು ಇನ್ನು ಓಡಿಸಲಾರೆ ಅಂತ ಕಾರಿನ ಲೈಸೆನ್ಸ್ ಒಪ್ಪಿಸ್ತಾರಲ್ಲ, ಹಾಗೆ."

"ಕಣ್ಣಿನ ಡಾಕ್ಟರ ಹತ್ರ ಹೋಗಿ ಬಂದ್ರು," ಎನ್ನುತ್ತಾರೆ ಅವರ ಹೆಂಡತಿ ಹತ್ಸುನೊ. "ಕಣ್ಣು ಐವತ್ತರವರ ಹಾಗಿದೆ ಅಂತ ಡಾಕ್ಟರು ಹೇಳಿದ್ರು. ಇವರು ನಂಬಲಿಲ್ಲ. ಮನೇಗೆ ಬಂದು ಡಾಕ್ಟರಿಗೇ ಕಣ್ಣು ಕಾಣಲ್ಲ ಅಂದ್ರು. ಬಂದೂಕು ಹೋದ್ರೆ ಹೋಗ್ಲಿ. ಅದು ಹೋದ ಮೇಲೆ ಬೆಳಿಗ್ಗೆ ಎದ್ದು ಗುಡ್ಡದ ಕಡೆ ನೋಡೋದನ್ನೇ ಬಿಟ್ಟುಬಿಡ್ತಾರೇನೋ ಅಂತ ನನಗೆ ಭಯ."

ಆಗಸ್ಟಿನ ಒಂದು ಬೆಳಿಗ್ಗೆ ಇವಾಬುಚಿ ಅಂಗಡಿಗೆ ಬಂದರು. ಅಭ್ಯಾಸಕ್ಕೆ ನೂರೆಂಬತ್ತರ ಸೀಸದ ತೋಟಾ ಎರಡು ಡಬ್ಬಿ ಬೇಕೆಂದರು. ಕಿನುಯೊ ಡಬ್ಬಿ ತೆಗೆಯಲು ಹೋಗಲಿಲ್ಲ, ಲಕೋಟೆ ತೆಗೆಯಲು ಹೋದರು. ಅವರು ತಾವಾಗಿ ತಂದುಕೊಟ್ಟಿದ್ದ ಕೊನೆಯ ಕಾಗದಕ್ಕೆ ಮೂರು ವರ್ಷ ದಾಟಿತ್ತು. ಮೂರು ವರ್ಷದ ಹಿಂದೆ, ಇವಾಬುಚಿ ಬಳಸುತ್ತಿದ್ದ ಹಗುರವಾದ ತಾಮ್ರದ ತೋಟಾ ಬರುವುದು ನಿಂತುಹೋಯಿತು. ಆಗ ನೂರೆಂಬತ್ತರ ತಾಮ್ರವನ್ನು ಬದಲಿಗೆ ಕೊಟ್ಟವರು ಕಿನುಯೊ ಅವರೇ. ಅದಾದ ಮೇಲೆ ಒಂದು ಕಾಗದವೂ ಇಲ್ಲ.

ಮುಂದೆ ನಡೆದದ್ದನ್ನು ಇಬ್ಬರೂ ಒಂದೇ ರೀತಿ ಹೇಳುತ್ತಾರೆ. ಈ ಊರಿನಲ್ಲಿ ಅದು ಅಪರೂಪ.

"ನಾಯಕರೇ, ತಾಮ್ರದಲ್ಲಿ ಹೊಡೆದ ಕಾಗದ ಇದ್ರೆ ಕೊಡಿ."

"ನನ್ನ ಹತ್ರ ನೀವು ಯಾವತ್ತೂ ಕೇಳಿಲ್ವಲ್ಲ."

"ಕೇಳಿಲ್ಲ. ಕೊಸುಗಿ ಹತ್ರ ಕೇಳ್ತೀನಿ, ಪೋಸ್ಟಿನವನ ಹತ್ರ ಕೇಳ್ತೀನಿ. ನಿಮ್ಮ ಹತ್ರ ಕೇಳೋಕೆ ಮುಜುಗರ ಆಯ್ತು. ನಾಯಕರು, ನಮ್ಮ ಯಜಮಾನರ ಸ್ನೇಹಿತರು, ಅವರ ಮುಂದೆ ಕೈ ಚಾಚೋದು ಹೇಗೆ ಅಂತ. ಮೂರು ವರ್ಷ ಹಾಗೇ ಕೊಟ್ಟೆ." ಕಿನುಯೊ ಗಲ್ಲಾಪೆಟ್ಟಿಗೆಗೆ ಹಣೆ ತಾಗುವಷ್ಟು ಬಾಗಿದರು. "ಫೆಬ್ರವರಿಯ ಜಿಂಕೆಯ ತಪ್ಪಿನಲ್ಲಿ ಅರ್ಧ ಪಾಲು ನನ್ನದು."

"ಅರ್ಧ ಹೆಚ್ಚಾಯ್ತು," ಎಂದರು ಇವಾಬುಚಿ. "ಕಾಲು ಭಾಗ ತಗೊಳ್ಳಿ. ಕೇಳದಿದ್ರೂ ತರಬೇಕಾದವನು ನಾನು."

ಅವರ ಮನೆಯ ಬೀರುವಿನಲ್ಲಿ ಫೆಬ್ರವರಿಯ ಡಬ್ಬಿ ಅರ್ಧ ಉಳಿದಿತ್ತು. ಅದರಿಂದ ಐದು ಹೊಡೆದು ಕಾಗದ ತಂದರು. ಮರುದಿನ ಬೆಳಿಗ್ಗೆ ಇಬ್ಬರೂ ಕಿಟಕಿಯ ಮುಂದೆ ನಿಂತರು. ಐದು ತೂತುಗಳು ಒಂದು ಗೇಣಿನಗಲಕ್ಕೆ ಚೆದುರಿದ್ದವು. ನೋಡಿದಿರಲ್ಲ, ಕಣ್ಣು ಹೋಗಿದೆ, ಎಂದರು ಇವಾಬುಚಿ. ಗೆದ್ದವರ ಹಾಗಿತ್ತಂತೆ ದನಿ. ಕಿನುಯೊ ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟರು.

"ಈ ಎರಡು ತೂತು ನೋಡಿ."

"ಉದ್ದ ಇವೆ."

"ಕಣ್ಣು ಮಂಜಾದ್ರೆ ತೂತು ಅಲ್ಲಿ ಇಲ್ಲಿ ಬೀಳುತ್ತೆ ನಾಯಕರೇ. ಉದ್ದ ಆಗಲ್ಲ."

ಸಂಗತಿ ಇಷ್ಟೇ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬರಬೇಕಾದರೆ ತಾಮ್ರದ ಗುಂಡು ಉದ್ದವಾಗಲೇಬೇಕು. ಉದ್ದದ ಗುಂಡು ನೆಟ್ಟಗೆ ಹೋಗಬೇಕಾದರೆ ಬಂದೂಕಿನ ನಳಿಗೆ ಅದನ್ನು ಜೋರಾಗಿ ತಿರುಗಿಸಿ ಬಿಡಬೇಕು. ಇವಾಬುಚಿಯವರ ಬಂದೂಕು ತಾಮ್ರದ ಗುಂಡು ಬರುವ ಮೊದಲಿನದು, ನಿಧಾನವಾಗಿ ತಿರುಗಿಸುತ್ತದೆ. ಗುಂಡು ಗಾಳಿಯಲ್ಲಿ ಓಲಾಡಿಕೊಂಡು ಹೋಗಿ ಕಾಗದಕ್ಕೆ ಓರೆಯಾಗಿ ಬಡಿಯುತ್ತದೆ. ಫೆಬ್ರವರಿಯ ಚಳಿಗೆ ಗಾಳಿ ದಟ್ಟವಾಗುವುದರಿಂದ ಓಲಾಟ ಇನ್ನೂ ಹೆಚ್ಚು. ಅದರ ಜೊತೆಗೆ, ಸೀಸದಲ್ಲಿ ಕೂರಿಸಿದ ತಿರುಪು. ಮೂರು ವರ್ಷ ಸಿಕ್ಕ ಜಿಂಕೆಗಳೆಲ್ಲ ನಲವತ್ತು ಐವತ್ತು ಮೀಟರಿನ ಒಳಗೇ ಸಿಕ್ಕಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಕಿನುಯೊ ಕಪಾಟಿನಿಂದ ಹೊಸದಾಗಿ ಬಂದಿದ್ದ ನೂರೈವತ್ತರ ತಾಮ್ರದ ತೋಟಾ ಎರಡು ಬಗೆ ತೆಗೆದಿಟ್ಟರು. ಹಗುರ, ಆದ್ದರಿಂದ ಗಿಡ್ಡ. ಇವಾಬುಚಿಯವರ ಮುಖ ಗಿಡ್ಡವಾಯಿತು.

"ನೂರೈವತ್ತು? ಇದರಲ್ಲಿ ಮೊಲ ಹೊಡೀಬೇಕಾ?"

"ಬೇಕಾದ ಕಡೆ ತಾಗಿದ ನೂರೈವತ್ತು ಒಳ್ಳೇದಾ, ತೊಡೆಗೆ ತಾಗಿದ ನೂರೆಂಬತ್ತು ಒಳ್ಳೇದಾ?"

ಇವಾಬುಚಿ ಎರಡೂ ಬಗೆಯನ್ನು ಒಯ್ದು ಐದೈದು ಹೊಡೆದು ಕಾಗದ ತಂದರು. ಒಂದು ಬಗೆಯದು ಪರವಾಗಿಲ್ಲ ಎನ್ನುವಷ್ಟಕ್ಕೆ ನಿಂತಿತು. ಇನ್ನೊಂದು ಬಗೆಯ ಐದು ತೂತುಗಳನ್ನು ಒಂದು ಬಟ್ಟಲು ಮುಚ್ಚುತ್ತಿತ್ತು, ಐದೂ ದುಂಡಗಿದ್ದವು. ಕಿನುಯೊ ಆ ದಿನವೇ ಅದೇ ತಳಸಂಖ್ಯೆಯ ಡಬ್ಬಿಗಳನ್ನೆಲ್ಲ ಅವರ ಹೆಸರಿಗೆ ಬದಿಗಿಟ್ಟರು. ಅವರ ಬಂದೂಕಿನ ಮಟ್ಟಿಗೆ ಅಭ್ಯಾಸಕ್ಕೂ ಬೇಟೆಗೂ ಒಂದೇ ತೋಟಾ, ಸೀಸದ ಮಾತೇ ಬೇಡ ಎಂದರು. ಇಷ್ಟು ದುಬಾರಿಯದ್ದನ್ನು ಕಾಗದಕ್ಕೆ ಹೊಡೆಯುವುದೇ ಎಂದು ಇವಾಬುಚಿ ಗೊಣಗಿದರು.

"ಕಡಿಮೆ ಹೊಡೀರಿ," ಎಂದರು ಕಿನುಯೊ. "ನಲವತ್ತು ಸುಮ್ಮನೆ ಹೊಡೆಯೋ ಬದಲು ಹತ್ತು ಯೋಚನೆ ಮಾಡಿ ಹೊಡೀರಿ."

ಸೆಪ್ಟೆಂಬರಿನ ಕೊನೆಯ ಭಾನುವಾರ ಬರುತ್ತದೆ. ಗುರಿ ಬಯಲಿನಲ್ಲಿ ತಂಡದ ಹದಿನಾಲ್ಕು ಜನ ಸೇರಿದ್ದಾರೆ. ಎದುರಿನ ಗುಡ್ಡದಲ್ಲಿ ಎಲೆಗಳು ಹಳದಿಗೆ ತಿರುಗಿವೆ, ಗಾಳಿ ಎಡದಿಂದ ಮೆಲ್ಲಗೆ ಬೀಸುತ್ತಿದೆ. ಕಿನುಯೊ ಅಂಗಡಿಗೆ ಬೀಗ ಹಾಕಿ, ಉಪ್ಪು ಮೀನು ಇಟ್ಟ ಅನ್ನದ ಉಂಡೆಗಳ ಡಬ್ಬಿ ಹಿಡಿದು ಬಂದಿದ್ದಾರೆ. ಹತ್ಸುನೊ ಅವರ ಪಕ್ಕದಲ್ಲಿ ನಿಂತಿದ್ದಾರೆ, ನೋಡುತ್ತಿರುವುದು ಮಾತ್ರ ತಮ್ಮ ಬೂಟುಗಳನ್ನು. ಕೊಸುಗಿ ದೂರದರ್ಶಕಕ್ಕೆ ಕಣ್ಣಿಟ್ಟಿದ್ದಾನೆ. ಬಾಯಿ ತೆಗೆದರೆ ಲಾರಿಯ ಟೈರಿನ ಗಾಳಿ ತೆಗೆಯುತ್ತೇವೆಂದು ಉಳಿದವರು ಮೊದಲೇ ಹೇಳಿಟ್ಟಿದ್ದಾರೆ.

ಇವಾಬುಚಿ ಮಂಡಿಯೂರಿ ಕೂತು ಒಂದೊಂದು ಗುಂಡಿಗೂ ಎರಡು ನಿಮಿಷ ತೆಗೆದುಕೊಳ್ಳುತ್ತಾರೆ. ನಾಲ್ಕನೆಯದಾದ ಮೇಲೆ ಬಂದೂಕು ಇಳಿಸಿ, ಕೈ ಒರೆಸಿಕೊಂಡು, ಗುಡ್ಡದ ಕಡೆ ಒಮ್ಮೆ ನೋಡಿ, ಮತ್ತೆ ಎತ್ತುತ್ತಾರೆ. ಐದನೆಯದೂ ಹಾರುತ್ತದೆ. ಕೊಸುಗಿ ದೂರದರ್ಶಕದಿಂದ ತಲೆ ಎತ್ತುವುದಿಲ್ಲ. ಅವನು ಸುಮ್ಮನಿರುವುದೇ ಎಲ್ಲರಿಗೂ ಗಾಬರಿ ಹುಟ್ಟಿಸುತ್ತದೆ.

ಕಾಗದ ಬರುತ್ತದೆ. ನಾಲ್ಕು ತೂತು ನಡುವಿನಲ್ಲಿ ಒತ್ತಾಗಿವೆ. ಐದನೆಯದು ಬಲಕ್ಕೆ ಸರಿದು ಗೆರೆಯ ಮೇಲೆ ಕೂತ ಹಾಗಿದೆ.

"ಗೆರೆ ಮುಟ್ಟಿದ್ರೆ ಒಳಗೆ ಅಂತಲೇ ಲೆಕ್ಕ," ಎಂದು ಕೊಸುಗಿ ಬಾಯಿ ಬಿಡುತ್ತಾನೆ. "ಎಲ್ಲಾ ಸ್ಪರ್ಧೇಲೂ ಹಾಗೇ ನಾಯಕರೇ!"

"ಸ್ಪರ್ಧೆಯ ನಿಯಮ ಜಿಂಕೆಗೆ ಗೊತ್ತಾ?" ಎನ್ನುತ್ತಾರೆ ಇವಾಬುಚಿ. "ನಾನು ಹೇಳಿದ್ದು ಒಳಗೆ. ಮುಟ್ಟಿದ್ದು ಹೊರಗೆ."

ಹದಿನಾಲ್ಕು ಜನರೂ ಕಿನುಯೊ ಕಡೆ ತಿರುಗುತ್ತಾರೆ. ಇವಾಬುಚಿ ತಾವೇ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚುತ್ತಾರೆ. ಕಿನುಯೊ ಅದನ್ನು ಆಕಾಶಕ್ಕೆ ಎತ್ತಿ ಹಿಡಿಯುತ್ತಾರೆ, ಭೂತಗನ್ನಡಿ ತೆಗೆಯುತ್ತಾರೆ, ಒಮ್ಮೆ ಕಾಗದ ತಿರುಗಿಸಿ ಹಿಂದಿನಿಂದಲೂ ನೋಡುತ್ತಾರೆ.

"ಐದೂ ದುಂಡಗಿವೆ."

"ಅಯ್ಯೋ ಅಕ್ಕಾ, ಒಳಗಾ ಹೊರಗಾ ಹೇಳು!"

"ಗುಂಡು ಹೋಗುವಾಗ ತೂತಿನ ಸುತ್ತ ಮಸಿ ಬಳಿದು ಹೋಗುತ್ತೆ. ಗೆರೆ ಮುಟ್ಟಿರೋದು ಮಸಿ. ತೂತು ಮುಟ್ಟಿಲ್ಲ. ಬೆಳಕಿಗೆ ಹಿಡಿದ್ರೆ ಗೆರೆ ಪೂರ್ತಿ ಇದೆ, ಒಂದು ಎಳೆಯೂ ಕತ್ತರಿಸಿಲ್ಲ. ಒಳಗೆ."

"ನನ್ನ ಮನಸ್ಸಿಗೆ ಹಿತವಾಗಲಿ ಅಂತ ಹೇಳ್ತಿಲ್ಲ ತಾನೇ?" ಎಂದು ಇವಾಬುಚಿ ಕೇಳುತ್ತಾರೆ.

"ನಮ್ಮ ಯಜಮಾನರು ಮಾಡಿದ ಸಾರು ಚೆನ್ನಾಗಿದೆ ಅಂತ ಇಪ್ಪತ್ತೆಂಟು ವರ್ಷ ಸುಳ್ಳು ಹೇಳಿದ್ದೀನಿ. ಕಾಗದದ ವಿಷಯದಲ್ಲಿ ಹೇಳಲ್ಲ. ತಗೊಳ್ಳಿ, ನೀವೇ ನೋಡಿ. ಕಣ್ಣು ಐವತ್ತರವರ ಹಾಗಿದೆಯಂತಲ್ಲ."

ಇವಾಬುಚಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಹತ್ಸುನೊಗೆ ಕೊಡುತ್ತಾರೆ. ಹತ್ಸುನೊ ಗೆರೆ ನೋಡುವ ಮೊದಲೇ ಕಣ್ಣು ಒರೆಸಿಕೊಳ್ಳುತ್ತಾರೆ. ಕನ್ನಡಿ ಸುತ್ತಿ ಬರುತ್ತದೆ, ಹದಿನಾಲ್ಕು ಜನರೂ ನೋಡುತ್ತಾರೆ. ಗೆರೆ ಪೂರ್ತಿಯಿದೆ.

ಅನ್ನದ ಉಂಡೆ ಹಂಚುವಾಗ ಯಾರೋ ಕಿನುಯೊ ಅವರನ್ನು ನಿಮಗೇನು ಆಸೆ ಎಂದು ಕೇಳುತ್ತಾರೆ. ಅಂಗಡಿ ದೊಡ್ಡದಾಗಬೇಕೇ, ತೋಟಾ ತರುವ ಹಡಗು ಹೊತ್ತಿಗೆ ಸರಿಯಾಗಿ ಬರಬೇಕೇ ಎಂದು. ಅವರು ಉಂಡೆಯೊಂದನ್ನು ಕೊಸುಗಿಯ ಕೈಗಿಟ್ಟು ಯೋಚಿಸುತ್ತಾರೆ.

"ಅಷ್ಟೆಲ್ಲ ಬೇಡ. ನಾನು ಕೈ ಚಾಚೋದರೊಳಗೆ ಕಾಗದ ಮೇಜಿನ ಮೇಲೆ ಬಂದ್ರೆ ಸಾಕು. ಕೇಳೋದು ನನಗೂ ಏನು ಖುಷಿಯ ಕೆಲಸ ಅಲ್ಲ."

ಅಕ್ಟೋಬರಿನ ಮೊದಲ ಶನಿವಾರ ತಂಡ ಗುಡ್ಡ ಹತ್ತಿತು. ಇವಾಬುಚಿ ಉತ್ತರದ ಕಣಿವೆಯ ಬಾಯಲ್ಲಿ ನಿಂತು, ತೊಂಬತ್ತು ಮೀಟರಿನಿಂದ, ನೂರೈವತ್ತರ ಒಂದು ಗುಂಡು ಹೊಡೆದರು. ಜಿಂಕೆ ನಿಂತಲ್ಲೇ ಬಿತ್ತು.